ಒದ್ದೆ ಕೈ ಮತ್ತು ಸ್ಕ್ರಬ್ ಡಬ್ಬ

ಒಮಾನಿನ ಬುರೈಮಿಯಿಂದ ನಿಮ್ಮ ಜೊತೆ ಮಾತನಾಡುತ್ತಿದ್ದೇನೆ. ಬುರೈಮಿ ಎಲ್ಲಿದೆ ಎಂದು ಕೇಳುವವರಿಗೆ ಒಂದು ಸುಲಭದ ಗುರುತು: ಯುಎಇಯ ಅಲ್ ಐನ್ ಊರಿಗೆ ಅಂಟಿಕೊಂಡೇ ಇದೆ, ನಡುವೆ ಒಂದು ಗಡಿ ಅಷ್ಟೇ. ಖರ್ಜೂರದ ತೋಟಗಳು, ಹಳೆಯ ಕೋಟೆಗಳು, ಹಿಂದೆ ಹಜರ್ ಬೆಟ್ಟದ ಸಾಲು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲು. ಈ ಬಿಸಿಲನ್ನು ನೆನಪಿಟ್ಟುಕೊಳ್ಳಿ, ನನ್ನ ಇವತ್ತಿನ ಮಾತಿಗೆ ಅದು ಬೇಕಾಗುತ್ತದೆ.

ನಾನು ಇಲ್ಲಿ ಹಲವು ವರ್ಷ ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಹೇಳಿದವಳು. ಊರು ಕುಂದಾಪುರದ ಕಡೆ. ಇವತ್ತು ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ಆ ತಪ್ಪಿನಿಂದ ಕಲಿತದ್ದನ್ನು ಹೇಳುವುದಿದೆ. ವಿಷಯ ಬಹಳ ಸಣ್ಣದು: ಮನೆಯಲ್ಲಿ ಮಾಡುವ ಮೈ ಸ್ಕ್ರಬ್. ಆದರೆ ಅದನ್ನು ಡಬ್ಬಕ್ಕೆ ತುಂಬಿ ಇನ್ನೊಬ್ಬರ ಕೈಗೆ ಕೊಟ್ಟ ಕ್ಷಣದಿಂದ ಅದು ಸಣ್ಣ ವಿಷಯವಾಗಿ ಉಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದಿನ ದೀಪಾವಳಿ. ನಮ್ಮ ಕಡೆ ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲಿನ ಹಂಡೆ ತೊಳೆದು, ಅದಕ್ಕೆ ಬಳ್ಳಿ ಸುತ್ತಿ, ನೀರು ತುಂಬುತ್ತೇವೆ. ಮರುದಿನ ಬೆಳಕು ಹರಿಯುವ ಮೊದಲೇ ಮೈಗೆ ಎಣ್ಣೆ ಹಚ್ಚಿ, ಪುಡಿಯಲ್ಲಿ ಉಜ್ಜಿ, ಬಿಸಿನೀರು ಹೊಯ್ದುಕೊಳ್ಳುತ್ತೇವೆ. ಇಲ್ಲಿನ ಫ್ಲ್ಯಾಟಿನಲ್ಲಿ ಹಂಡೆ ಎಲ್ಲಿ ಬರಬೇಕು? ಹಬ್ಬದ ನೆನಪಾದರೂ ಇರಲಿ ಎಂದು, ನಮ್ಮ ಪರಿಚಯದ ಮನೆಗಳಿಗೆಲ್ಲ ಹಂಚಲು ಇಪ್ಪತ್ತು ಪುಟ್ಟ ಡಬ್ಬಗಳಲ್ಲಿ ಸ್ಕ್ರಬ್ ಮಾಡಿದೆ. ಕಡಲೆಹಿಟ್ಟು, ಅಕ್ಕಿತರಿ, ಅರಿಶಿನ, ಗುಲಾಬಿ ನೀರು, ಮನೆಯ ಕುಂಡದ ಲೋಳೆಸರದ ತಿರುಳು, ಒಂದಿಷ್ಟು ಜೇನು. ನೋಡಲು ಚಂದ, ವಾಸನೆ ಇನ್ನೂ ಚಂದ. ಡಬ್ಬದ ಮೇಲೆ ‘ಯಾವುದೇ ಕೆಮಿಕಲ್ ಇಲ್ಲ’ ಎಂದು ನನ್ನ ಕೈಯಾರೆ ಬರೆದೆ. ರಸಾಯನಶಾಸ್ತ್ರದ ಟೀಚರ್ ಬರೆದ ವಾಕ್ಯ ಅದು! ನೀರೂ ಕೆಮಿಕಲ್ಲೇ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನೇ.

ಮೂರು ವಾರದ ಮೇಲೆ ಒಬ್ಬ ಗೆಳತಿಯ ಫೋನ್ ಬಂತು. ಊರಿನಿಂದ ಬಂದಿದ್ದ ಅವಳ ಅತ್ತೆಗೆ ಸಕ್ಕರೆ ಕಾಯಿಲೆ. ನನ್ನ ಡಬ್ಬ ಅವರಿಗೆ ಬಹಳ ಇಷ್ಟವಾಗಿ, ಬಚ್ಚಲಿನಲ್ಲೇ ಇಟ್ಟುಕೊಂಡು ದಿನವೂ ಕಾಲು ಉಜ್ಜಿಕೊಳ್ಳುತ್ತಿದ್ದರಂತೆ. ಮೊಣಕಾಲ ಕೆಳಗೆ ಕೀವುಗುಳ್ಳೆಗಳು ಎದ್ದು, ಕಾಲು ಬಾತು, ಜ್ವರ ಬಂದು, ಆಸ್ಪತ್ರೆಯಲ್ಲಿ ನಾಲ್ಕು ದಿನ ಇರಬೇಕಾಯಿತು. ಇದರಿಂದಲೇ ಹೀಗಾಯಿತು ಎಂದು ವೈದ್ಯರು ಖಚಿತವಾಗಿ ಹೇಳಲಿಲ್ಲ. ಡಬ್ಬ ತೆರೆದು ನೋಡಿ, ‘ಇದನ್ನು ಇನ್ನು ಮುಟ್ಟಬೇಡಿ’ ಎಂದರು, ಅಷ್ಟೇ. ನಾನು ಓಡಿಹೋಗಿ ನನ್ನ ಮನೆಯಲ್ಲಿ ಉಳಿದಿದ್ದ ಡಬ್ಬ ತೆರೆದೆ. ಮುಚ್ಚಳದ ಒಳಗೆ ಬೂದು ಹಸಿರು ಬೂಷ್ಟು.

ಗೆಳತಿ ಒಂದು ಮಾತೂ ಬೈಯಲಿಲ್ಲ. ‘ಪ್ರೀತಿಯಿಂದ ಮಾಡಿ ಕೊಟ್ಟದ್ದಲ್ವಾ, ಬಿಡು’ ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲವೋ ಏನೋ. ಉಳಿದ ಹದಿನೆಂಟು ಮನೆಗಳಿಗೆ ಒಂದೊಂದಾಗಿ ಫೋನ್ ಮಾಡಿ, ‘ದಯವಿಟ್ಟು ಅದನ್ನು ಎಸೆಯಿರಿ’ ಎಂದು ಹೇಳಿದೆ.

ಈಗ ಈ ಕಥೆ ನಿಮಗೆ ಯಾಕೆ? ನಿಮ್ಮಲ್ಲಿ ಹಲವರು ಅಡುಗೆಮನೆಯಲ್ಲಿ ಇಂಥವನ್ನು ಮಾಡುತ್ತೀರಿ. ಅಜ್ಜಿಯ ರೆಸಿಪಿ ಎಂದು ಗೆಳೆಯರಿಗೆ ಕೊಡುತ್ತೀರಿ. ಕೆಲವರಿಗೆ ಮಾರುವ ಆಸೆಯೂ ಇದೆ, ಇರಲಿ, ತಪ್ಪೇನಿಲ್ಲ. ಆದರೆ ಅಜ್ಜಿ ಏನು ಮಾಡುತ್ತಿದ್ದರು ಎಂಬುದನ್ನು ನಾವು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೇವೆ.

ಅಜ್ಜಿ ಏನೇನು ಹಾಕುತ್ತಿದ್ದರು ಎಂಬುದು ನಮಗೆ ಗೊತ್ತು: ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿ, ಅಂಟುವಾಳ, ಕಸ್ತೂರಿ ಅರಿಶಿನ. ಹೇಗೆ ಇಡುತ್ತಿದ್ದರು ಎಂಬುದನ್ನು ಮರೆತಿದ್ದೇವೆ. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ ತೆಗೆಯುತ್ತಿದ್ದರು. ಹಾಗೆ ಬಟ್ಟೆಯಲ್ಲಿ ಸೋಸುವುದಕ್ಕೆ ವಸ್ತ್ರಗಾಳಿತ ಎಂಬ ಒಳ್ಳೆಯ ಹೆಸರಿದೆ. ಆಮೇಲೆ ಬಿಗಿ ಮುಚ್ಚಳದ ಡಬ್ಬದಲ್ಲಿ, ಬಚ್ಚಲಿನಿಂದ ದೂರ ಇಡುತ್ತಿದ್ದರು. ಸ್ನಾನದ ಹೊತ್ತಿಗೆ ಒಂದು ಹಿಡಿ ಮಾತ್ರ ಬಟ್ಟಲಿಗೆ ಸುರಿದು ಅಲ್ಲೇ ನೀರಿನಲ್ಲೋ ಮಜ್ಜಿಗೆಯಲ್ಲೋ ಕಲಸುತ್ತಿದ್ದರು. ಉಳಿದರೆ ಚೆಲ್ಲುತ್ತಿದ್ದರು, ಮತ್ತೆ ಡಬ್ಬಕ್ಕೆ ಹಾಕುತ್ತಿರಲಿಲ್ಲ. ಅಂದರೆ ಪುಡಿಗೂ ನೀರಿಗೂ ಭೇಟಿ ಆಗುತ್ತಿದ್ದುದು ಐದೇ ನಿಮಿಷ. ನಾನು ಆ ಭೇಟಿಯನ್ನು ಮೂರು ವಾರ ಎಳೆದೆ. ನನ್ನ ತಪ್ಪು ಇಷ್ಟೇ.

ಇದು ನಿಮಗೆ ಗೊತ್ತಿರುವ ವಿಷಯವೇ. ಮನೆಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ಇದ್ದರೆ, ಚಿಕ್ಕಂದಿನಲ್ಲಿ ಒಮ್ಮೆಯಾದರೂ ಬೈಸಿಕೊಂಡಿರುತ್ತೀರಿ: ‘ಒದ್ದೆ ಸೌಟು ಹಾಕಬೇಡ!’ ಅದೊಂದು ಮೂಢನಂಬಿಕೆ ಅಲ್ಲ. ವಿಜ್ಞಾನದಲ್ಲಿ ಇದಕ್ಕೆ ವಾಟರ್ ಆ್ಯಕ್ಟಿವಿಟಿ ಎಂದು ಹೆಸರು. ಒಂದು ಪದಾರ್ಥದಲ್ಲಿರುವ ನೀರಿನಲ್ಲಿ ಸೂಕ್ಷ್ಮಜೀವಿಗಳಿಗೆ ಕುಡಿಯಲು ಸಿಗುವ ನೀರು ಎಷ್ಟು ಎಂಬುದರ ಅಳತೆ ಅದು. ಶುದ್ಧ ನೀರಿಗೆ 1, ಪೂರ್ತಿ ಒಣಗಿದ್ದಕ್ಕೆ 0. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಸುಮಾರು 0.9ಕ್ಕಿಂತ ಹೆಚ್ಚು ಬೇಕು. ಚರ್ಮದ ಮೇಲೆ ಕುರು, ಕೀವು ಎಬ್ಬಿಸುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬುದು 0.86ರವರೆಗೂ ಬೆಳೆಯಬಲ್ಲದು. ಬೂಷ್ಟುಗಳಲ್ಲಿ ಕೆಲವು ಅದಕ್ಕಿಂತ ಎಷ್ಟೋ ಒಣಗಿದ ಜಾಗದಲ್ಲೂ ಬದುಕುತ್ತವೆ. ಇನ್ನು ಕರಗುವಷ್ಟೂ ಉಪ್ಪು ಕರಗಿದ ನೀರಿನ ಅಳತೆ ಸುಮಾರು 0.75, ಸಕ್ಕರೆ ಪಾಕದ್ದು ಸುಮಾರು 0.85. ಉಪ್ಪಿನಕಾಯಿ, ಮೊರಬ್ಬ ಕೆಡದೆ ಉಳಿಯುವುದರ ಗುಟ್ಟು ಇದೇ. ಅದಕ್ಕೆ ಒದ್ದೆ ಸೌಟು ಹಾಕಿದರೆ, ಆ ಒಂದು ಮೂಲೆಯಲ್ಲಿ ಉಪ್ಪು ತೆಳುವಾಗುತ್ತದೆ. ಬೂಷ್ಟು ಶುರುವಾಗುವುದು ಆ ಮೂಲೆಯಲ್ಲೇ.

ಸ್ಕ್ರಬ್ ಡಬ್ಬಕ್ಕೆ ಒದ್ದೆ ಸೌಟು ಯಾವುದು? ನಿಮ್ಮ ಕೈ. ಬಚ್ಚಲಿನಲ್ಲಿ ಅರ್ಧ ಸ್ನಾನ ಆದ ಮೇಲೆ ಡಬ್ಬಕ್ಕೆ ಹೋಗುವ ಕೈ ಒದ್ದೆಯೇ ಆಗಿರುತ್ತದೆ. ಆದ್ದರಿಂದ ಸ್ಕ್ರಬ್ ಮಾಡಲು ಕೂತಾಗ ಮೊದಲ ಪ್ರಶ್ನೆ ‘ಏನೇನು ಹಾಕಲಿ’ ಎಂಬುದಲ್ಲ. ‘ಇದರೊಳಗೆ ನೀರು ಯಾವಾಗ, ಎಲ್ಲಿಂದ ಬರುತ್ತದೆ?’ ಎಂಬುದು. ಈ ಪ್ರಶ್ನೆಗೆ ಮೂರು ಬಗೆಯ ಉತ್ತರಗಳಿವೆ, ಅಂದರೆ ಮೂರು ಬಗೆಯ ಸ್ಕ್ರಬ್‌ಗಳು.

ಮೊದಲನೆಯದು ಒಣಪುಡಿ. ಅಜ್ಜಿಯ ದಾರಿ. ಹೊಸಬರಿಗೆ ಇದಕ್ಕಿಂತ ಸುರಕ್ಷಿತವಾದದ್ದು ಇಲ್ಲ. ಹೆಸರುಹಿಟ್ಟು, ಕಡಲೆಹಿಟ್ಟು, ನುಣ್ಣಗಿನ ಅಕ್ಕಿಹಿಟ್ಟು ಸಮಸಮ ತೆಗೆದುಕೊಂಡು, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಸೋಸಿ ತುಂಬಿಡಿ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಹಬೆಯ ಹನಿ ಕಟ್ಟುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಇಲ್ಲಿ ಬುರೈಮಿಯ ಅಂಗಡಿಗಳಲ್ಲಿ ಸಿದ್ರ್ ಎಲೆಯ ಪುಡಿ ಸಿಗುತ್ತದೆ. ಒಮಾನಿನ ಹೆಂಗಸರು ತಲೆಮಾರುಗಳಿಂದ ತಲೆಗೂ ಮೈಗೂ ಬಳಸುತ್ತಾ ಬಂದದ್ದು. ಸಿದ್ರ್ ಎಂದರೆ ನಮ್ಮ ಎಲಚಿ ಹಣ್ಣಿನ ಮರದ ಹತ್ತಿರದ ನೆಂಟ. ಅದರಲ್ಲೂ ಸೀಗೆಯ ಹಾಗೆ ನೊರೆ ಬರಿಸುವ ಗುಣ ಇದೆ. ಅದನ್ನು ಮಾರುವುದೂ ಒಣಪುಡಿಯಾಗಿಯೇ. ಕುಂದಾಪುರದ ಅಜ್ಜಿಯೂ ಬುರೈಮಿಯ ಅಜ್ಜಿಯೂ ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಉತ್ತರ ಕಂಡುಕೊಂಡಿದ್ದಾರೆ. ಒಂದು ಎಚ್ಚರಿಕೆ ಮಾತ್ರ: ಒಣಗಿದ ಪುಡಿಯಲ್ಲಿ ಸೂಕ್ಷ್ಮಜೀವಿಗಳು ಸತ್ತಿರುವುದಿಲ್ಲ, ನಿದ್ದೆಯಲ್ಲಿರುತ್ತವೆ. ನೀರು ಬಿದ್ದ ದಿನ ಏಳುತ್ತವೆ. ಆದ್ದರಿಂದ ಕಲಸಿದ್ದನ್ನು ಇಡಬೇಡಿ.

ಎರಡನೆಯದು ಎಣ್ಣೆ ಮತ್ತು ಸಕ್ಕರೆಯ ಸ್ಕ್ರಬ್. ಇದರಲ್ಲಿ ನಾವಾಗಿ ನೀರು ಹಾಕುವುದಿಲ್ಲ. ಬರೀ ಎಣ್ಣೆಗೆ ಸಕ್ಕರೆ ಕಲಸಿಟ್ಟರೆ ಏನಾಗುತ್ತದೆ ಎಂದು ಮಾಡಿದವರಿಗೆ ಗೊತ್ತು. ಮರುದಿನ ಸಕ್ಕರೆ ತಳದಲ್ಲಿ ಕಲ್ಲಿನ ಹಾಗೆ ಕೂತಿರುತ್ತದೆ, ಎಣ್ಣೆ ಮೇಲೆ ನಿಂತಿರುತ್ತದೆ. ಇದಕ್ಕೆ ಕಾರಣವನ್ನು 1851ರಲ್ಲೇ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ತೋರಿಸಿದ. ದ್ರವಕ್ಕಿಂತ ಭಾರದ ಕಣ ಮುಳುಗುತ್ತದೆ. ಕಣದ ಗಾತ್ರ ಎರಡು ಪಟ್ಟಾದರೆ ಮುಳುಗುವ ವೇಗ ನಾಲ್ಕು ಪಟ್ಟಾಗುತ್ತದೆ. ದ್ರವ ದಪ್ಪಗಾದಷ್ಟೂ ವೇಗ ಇಳಿಯುತ್ತದೆ. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಸಾರಿನಲ್ಲಿ ಬೇಳೆ ತಳಕ್ಕೆ ಇಳಿಯುತ್ತದೆ, ಚಟ್ನಿಯಲ್ಲಿ ಇಳಿಯುವುದಿಲ್ಲ. ಹಾಗಾದರೆ ಮಾಡಬೇಕಾದದ್ದು ಎರಡು: ಸಕ್ಕರೆಯನ್ನು ಸಣ್ಣ ಹರಳಿನದ್ದು ಆರಿಸುವುದು, ಎಣ್ಣೆಯನ್ನು ಚಟ್ನಿಯ ಹದಕ್ಕೆ ತರುವುದು.

ಇಲ್ಲಿ ಬುರೈಮಿಯ ಬಿಸಿಲು ಬರುತ್ತದೆ. ಅಂತರ್ಜಾಲದಲ್ಲಿ ಸಿಗುವ ಹೆಚ್ಚಿನ ರೆಸಿಪಿಗಳು ತಣ್ಣನೆಯ ದೇಶದವು. ‘ತೆಂಗಿನೆಣ್ಣೆ ಗಟ್ಟಿಯಾಗಿರುತ್ತದೆ, ಅದಕ್ಕೆ ಸಕ್ಕರೆ ಸೇರಿಸಿ’ ಎನ್ನುತ್ತವೆ. ತೆಂಗಿನೆಣ್ಣೆ ಕರಗುವುದು ಸುಮಾರು 25 ಡಿಗ್ರಿಯಲ್ಲಿ. ಇಲ್ಲಿ ಏಸಿ ಹಾಕಿದರೆ ಗಟ್ಟಿ, ಆರಿಸಿದರೆ ನೀರು. ದಿನಕ್ಕೆ ಎರಡು ಸಲ ಕರಗಿ ಗಟ್ಟಿಯಾಗುವ ಸ್ಕ್ರಬ್ ನಿಲ್ಲುವುದು ಹೇಗೆ? ಆದ್ದರಿಂದ ಹೆಚ್ಚು ಬಿಸಿಗೆ ಕರಗುವ ಗಟ್ಟಿ ಪದಾರ್ಥಗಳ ಆಸರೆ ಬೇಕು. ಸ್ಟಿಯರಿಕ್ ಆ್ಯಸಿಡ್ ಕರಗುವುದು 55ರಿಂದ 70 ಡಿಗ್ರಿಯೊಳಗೆ. ಜೇನುಮೇಣ 62ರಿಂದ 64ರಲ್ಲಿ. ಆದರೆ ಬರೀ ಮೇಣ ಹಾಕಿದರೆ ಮೈಮೇಲೆ ಜಿಡ್ಡು ಉಳಿಯುತ್ತದೆ, ಬಚ್ಚಲಿನ ನೆಲ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಅದು ದೊಡ್ಡ ಅಪಾಯ. ಅದಕ್ಕೆ ಎಮಲ್ಸಿಫೈಯಿಂಗ್ ವ್ಯಾಕ್ಸ್ ಎಂಬ ಮೇಣ ಇದೆ. ಅದರ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ಅದಿದ್ದರೆ ನೀರು ಹೊಯ್ದಾಗ ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿ ತೊಳೆದುಹೋಗುತ್ತದೆ.

ನಾನು ಈಗ ಬಳಸುವ ಅಳತೆ ಹೇಳುತ್ತೇನೆ, 100 ಗ್ರಾಂಗೆ. ಸಣ್ಣ ಹರಳಿನ ಸಕ್ಕರೆ 55 ಗ್ರಾಂ. ತೆಂಗಿನೆಣ್ಣೆ 15, ಬಾದಾಮಿ ಎಣ್ಣೆ 12. ಎಮಲ್ಸಿಫೈಯಿಂಗ್ ವ್ಯಾಕ್ಸ್ 10. ಸ್ಟಿಯರಿಕ್ ಆ್ಯಸಿಡ್ 6. ಎಣ್ಣೆಯಲ್ಲಿ ಬೆರೆಯುವ, ಫಿನಾಕ್ಸಿಎಥನಾಲ್ ಆಧಾರದ ಪ್ರಿಸರ್ವೇಟಿವ್ 1. ವಿಟಮಿನ್ ಇ ಅರ್ಧ ಗ್ರಾಂ, ಸುವಾಸನೆ ಅರ್ಧ ಗ್ರಾಂ. ಎಲ್ಲವನ್ನೂ ತೂಕದಲ್ಲೇ ಅಳೆಯಿರಿ, ಚಮಚದಲ್ಲಲ್ಲ. ಪ್ರಿಸರ್ವೇಟಿವ್ ಒಂದು ಗ್ರಾಂ ಎಂದರೆ ಒಂದೇ ಗ್ರಾಂ. ಕಡಿಮೆಯಾದರೆ ಕೆಲಸ ಮಾಡುವುದಿಲ್ಲ, ಹೆಚ್ಚಾದರೆ ಚರ್ಮ ಉರಿಯುತ್ತದೆ. ಯುರೋಪಿನ ನಿಯಮದಲ್ಲೂ ಫಿನಾಕ್ಸಿಎಥನಾಲ್‌ಗೆ ಶೇಕಡಾ 1ರ ಮಿತಿ ಇದೆ.

ಮಾಡುವ ಕ್ರಮ: ಎಣ್ಣೆಗಳು, ವ್ಯಾಕ್ಸ್, ಸ್ಟಿಯರಿಕ್ ಆ್ಯಸಿಡ್ ಒಂದು ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ಇನ್ನೊಂದು ಪಾತ್ರೆಯೊಳಗೆ ಇಟ್ಟು, 75 ಡಿಗ್ರಿಯವರೆಗೆ ಕರಗಿಸಿ. ನೀರಿನ ಹನಿ ಒಳಗೆ ಹಾರದ ಹಾಗೆ ನೋಡಿಕೊಳ್ಳಿ. ಇಳಿಸಿ ಕಲಕುತ್ತಾ ಇರಿ. ಆರುತ್ತಾ ಬಂದ ಹಾಗೆ ಅದು ಮೊದಲು ಕರಗಿದ ತುಪ್ಪದ ಹಾಗೆ, ಆಮೇಲೆ ದೋಸೆ ಹಿಟ್ಟಿನ ಹಾಗೆ ದಪ್ಪವಾಗುತ್ತದೆ. ಸುಮಾರು 45 ಡಿಗ್ರಿಗೆ ಇಳಿದಾಗ ಪ್ರಿಸರ್ವೇಟಿವ್, ವಿಟಮಿನ್ ಇ, ಸುವಾಸನೆ ಸೇರಿಸಿ. ಇನ್ನೂ ದಪ್ಪವಾಗಿ, ಇಡ್ಲಿ ಹಿಟ್ಟಿನ ಹದಕ್ಕೆ ಬಂದ ಮೇಲೆ ಕೊನೆಗೆ ಸಕ್ಕರೆ. ತೆಳುವಾಗಿರುವಾಗ ಸಕ್ಕರೆ ಸುರಿದರೆ ಸ್ಟೋಕ್ಸ್ ಹೇಳಿದ ಹಾಗೆ ತಳ ಸೇರುತ್ತದೆ. ತಾಳ್ಮೆ ಬೇಕಾದ ಜಾಗ ಇದೊಂದೇ.

ನೀರೇ ಇಲ್ಲದ ಇದಕ್ಕೆ ಪ್ರಿಸರ್ವೇಟಿವ್ ಯಾಕೆ ಎಂದು ಕೇಳಬಹುದು. ಒದ್ದೆ ಕೈಗಾಗಿ. ಡಬ್ಬ ನಮ್ಮ ಮನೆಯಲ್ಲೇ ಇದ್ದರೆ ಒಣ ಚಮಚ ಹಾಕಿಕೊಳ್ಳುತ್ತೇವೆ. ಕೊಟ್ಟ ಮನೆಯಲ್ಲಿ ಏನು ಮಾಡುತ್ತಾರೆ ಎಂದು ನಮಗೇನು ಗೊತ್ತು? ಇನ್ನೊಬ್ಬರಿಗಾಗಿ ಮಾಡುವಾಗ ಅವರ ಮರೆವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮಾಡಬೇಕು.

ವಿಟಮಿನ್ ಇ ಬಗ್ಗೆ ಒಂದು ಮಾತು. ಅದು ಪ್ರಿಸರ್ವೇಟಿವ್ ಅಲ್ಲ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಕಮಟು ಹಿಡಿಯುವುದನ್ನು ಅದು ತಡೆಯುತ್ತದೆ, ಅಷ್ಟೇ. ಬ್ಯಾಕ್ಟೀರಿಯಾ, ಬೂಷ್ಟುಗಳ ಮುಂದೆ ಅದರ ಆಟ ನಡೆಯುವುದಿಲ್ಲ. ಅರಿಶಿನ, ಬೇವು, ಟೀ ಟ್ರೀ ಎಣ್ಣೆಗೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಇರುವುದು ನಿಜ. ಆದರೆ ಸ್ಕ್ರಬ್‌ಗೆ ಹಾಕುವ ಒಂದು ಚಿಟಿಕೆಯಲ್ಲಿ ಇಡೀ ಡಬ್ಬ ಕಾಯುವ ಶಕ್ತಿ ಇಲ್ಲ. ನನ್ನ ಇಪ್ಪತ್ತು ಡಬ್ಬಗಳಲ್ಲೂ ಅರಿಶಿನ ಇತ್ತಲ್ಲ!

ಮೂರನೆಯದು ನೀರಿನ ಜೆಲ್ ಅಥವಾ ಕ್ರೀಮ್ ಸ್ಕ್ರಬ್. ನಾನು ಮಾಡಿದ್ದು ಈ ಜಾತಿಯದ್ದು, ಮೂರರಲ್ಲಿ ಬಹಳ ಕಷ್ಟದ್ದು. ಇದರಲ್ಲಿ ಸಕ್ಕರೆ ಕರಗಿಹೋಗುತ್ತದೆ, ಆದ್ದರಿಂದ ಕರಗದ ಪುಡಿಯೇ ಬೇಕು. ಕಣಗಳು ಮುಳುಗದ ಹಾಗೆ ಹಿಡಿದಿಡಲು ಕ್ಸಾಂಥನ್ ಗಮ್‌ನಂಥದ್ದು ಶೇಕಡಾ ಅರ್ಧದಿಂದ ಒಂದರಷ್ಟು ಬೇಕು. ಅಕ್ಕಿ, ಕಾಫಿ, ಬೀಜದ ಪುಡಿಗಳು ತಮ್ಮ ಜೊತೆಗೇ ಬೂಷ್ಟಿನ ಬೀಜಕಣಗಳನ್ನೂ ತರುವುದರಿಂದ, ಬ್ಯಾಕ್ಟೀರಿಯಾ ಮತ್ತು ಬೂಷ್ಟು ಎರಡನ್ನೂ ತಡೆಯುವ ಪ್ರಿಸರ್ವೇಟಿವ್ ಕಡ್ಡಾಯ. ಅದಕ್ಕೂ ಒಂದು ಷರತ್ತಿದೆ. ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಜೋಡಿ ಕೆಲಸ ಮಾಡುವುದು ಮಿಶ್ರಣ ಹುಳಿಯಾಗಿದ್ದರೆ ಮಾತ್ರ, ಅಂದರೆ ಪಿಎಚ್ 5ರ ಆಸುಪಾಸು ಅಥವಾ ಕೆಳಗೆ. ನಮ್ಮ ಚರ್ಮದ ಪಿಎಚ್ ಕೂಡ 4.5ರಿಂದ 5.5ರ ಹತ್ತಿರವೇ ಇರುವುದು ಒಳ್ಳೆಯದೇ ಆಯಿತು. ಆದರೆ ಇದನ್ನು ಪಿಎಚ್ ಪಟ್ಟಿಯಲ್ಲಿ ಅಳೆದೇ ತಿಳಿಯಬೇಕು, ಊಹೆಯಿಂದಲ್ಲ. ಮೊದಲ ಎರಡು ಬಗೆ ಕೈಗೆ ಹತ್ತುವವರೆಗೆ ಈ ಮೂರನೆಯದಕ್ಕೆ ಕೈ ಹಾಕಬೇಡಿ ಎಂಬುದು ನನ್ನ ಸಲಹೆ.

ಇನ್ನು ಉಜ್ಜುವ ಕಣದ ಬಗ್ಗೆ. ಸ್ಕ್ರಬ್ ಕೆಲಸ ಮಾಡುವುದು ಚರ್ಮದ ತೀರಾ ಹೊರಗಿನ ಸತ್ತ ಪದರದ ಮೇಲೆ. ಹರೆಯದ ಚರ್ಮ ಸುಮಾರು ನಾಲ್ಕು ವಾರಕ್ಕೊಮ್ಮೆ ಆ ಪದರವನ್ನು ತಾನಾಗಿಯೇ ಬದಲಿಸಿಕೊಳ್ಳುತ್ತದೆ. ನಾವು ಮಾಡುವುದು ಸಣ್ಣ ಸಹಾಯ. ವಾರಕ್ಕೆ ಒಂದೆರಡು ಸಲ, ಮೆಲ್ಲಗೆ. ಪಾತ್ರೆ ತಿಕ್ಕಿದ ಹಾಗಲ್ಲ. ಹಿಂದೆ ಕಂಪನಿಗಳು ಪ್ಲಾಸ್ಟಿಕ್‌ನ ಪುಟ್ಟ ಗೋಲಿಗಳನ್ನು ಹಾಕುತ್ತಿದ್ದವು. ಅವು ಚರಂಡಿಯಿಂದ ಹೊಳೆ, ಸಮುದ್ರ ಸೇರುತ್ತವೆ ಎಂದು ಅಮೆರಿಕ 2015ರಲ್ಲಿ ಕಾನೂನು ಮಾಡಿ ನಿಲ್ಲಿಸಿತು. ಆಮೇಲೆ ಬೇರೆ ದೇಶಗಳೂ ನಿಲ್ಲಿಸಿದವು. ಈಗ ಎಲ್ಲರೂ ಬೀಜ, ಚಿಪ್ಪುಗಳ ಪುಡಿಗೆ ಬಂದಿದ್ದಾರೆ. ಇಲ್ಲಿ ಖರ್ಜೂರದ ಬೀಜ ಬೇಕಾದಷ್ಟು ಸಿಗುತ್ತದೆ. ನಾನೂ ಪುಡಿ ಮಾಡಿ ನೋಡಿದೆ. ಮಿಕ್ಸಿಯಲ್ಲಿ ಒಡೆದ ಬೀಜದ ಚೂರಿಗೆ ಗಾಜಿನ ಚೂರಿನ ಹಾಗೆ ಮೊನೆ ಇರುತ್ತದೆ. ಕಣ್ಣಿಗೆ ಕಾಣದಂಥ ಗೀರು ಬಿದ್ದರೂ ಸಾಕು, ಸೂಕ್ಷ್ಮಜೀವಿಗೆ ಅದೇ ಬಾಗಿಲು. ಬೀಜದ ಪುಡಿ ಬಳಸಲೇಬೇಕೆಂದರೆ ಬಟ್ಟೆಯಲ್ಲಿ ಸೋಸಿ, ಬೆರಳ ನಡುವೆ ಉಜ್ಜಿ, ಚುಚ್ಚುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬಳಸಿ. ಮುಖಕ್ಕಂತೂ ಬೇಡ. ಸಕ್ಕರೆಯ ಒಳ್ಳೆಯ ಗುಣ ಎಂದರೆ, ಉಜ್ಜುತ್ತಾ ಹೋದ ಹಾಗೆ ಅದರ ಮೂಲೆಗಳು ಕರಗುತ್ತವೆ. ಹೆಚ್ಚು ಉಜ್ಜಿದರೂ ಅದು ತಾನೇ ಸೋಲುತ್ತದೆ.

ಬೇಡವಾದ ಮೂರು ಪದಾರ್ಥಗಳನ್ನೂ ಹೇಳಿಬಿಡುತ್ತೇನೆ. ಒಂದು, ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟ. ಒದ್ದೆ ಚರಟಕ್ಕೆ ಬೂಷ್ಟು ಬರಲು ಹೆಚ್ಚು ದಿನ ಬೇಡ. ಎರಡು, ಅಡುಗೆ ಸೋಡಾ. ಅದು ಕ್ಷಾರ, ಚರ್ಮದ ಹುಳಿಗುಣ ಕೆಡಿಸುತ್ತದೆ. ಮೂರು, ನಿಂಬೆರಸ. ಅದು ಹುಳಿಯಲ್ಲಿ ತೀರಾ ಅತಿ. ಜೊತೆಗೆ, ನಿಂಬೆ ಜಾತಿಯ ಹಣ್ಣುಗಳ ರಸ ಮೈಮೇಲೆ ಉಳಿದು ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು. ಕೊಲ್ಲಿಯ ಬಿಸಿಲಿನಲ್ಲಿ ಇದು ತಮಾಷೆಯ ವಿಷಯವಲ್ಲ.

ಮಾಡಿದ್ದು ನಿಲ್ಲುತ್ತದೆಯೇ ಎಂದು ತಿಳಿಯುವುದು ಹೇಗೆ? ಒಂದೇ ಸಲ ಮಾಡಿದ್ದನ್ನು ಮೂರು ಸಣ್ಣ ಡಬ್ಬಗಳಿಗೆ ಹಾಕಿ. ಒಂದು ಕೋಣೆಯಲ್ಲಿ, ಒಂದು ಫ್ರಿಜ್ಜಿನಲ್ಲಿ, ಒಂದು 40 ಡಿಗ್ರಿಯ ಹತ್ತಿರದ ಬೆಚ್ಚಗಿನ ಜಾಗದಲ್ಲಿ. ಬುರೈಮಿಯಲ್ಲಿ ಇದಕ್ಕೆ ಯಂತ್ರ ಬೇಡ, ಬೇಸಿಗೆಯ ಬಾಲ್ಕನಿಯ ನೆರಳು ಸಾಕು! ಮೂರು ತಿಂಗಳು, ವಾರಕ್ಕೊಮ್ಮೆ ನೋಡಿ. ಎಣ್ಣೆ ಬೇರೆಯಾಗಿದೆಯೇ, ತಳ ಗಟ್ಟಿಯಾಗಿದೆಯೇ, ಬಣ್ಣ ಬದಲಾಗಿದೆಯೇ, ಕಮಟು ವಾಸನೆ ಬಂದಿದೆಯೇ, ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆಯಿರಿ. ಆದರೆ ಇದರಿಂದ ತಿಳಿಯುವುದು ರೂಪದ ಸ್ಥಿರತೆ ಮಾತ್ರ. ಸೂಕ್ಷ್ಮಜೀವಿ ಬರಿಗಣ್ಣಿಗೆ ಕಾಣುವ ಹೊತ್ತಿಗೆ ಲಕ್ಷಗಟ್ಟಲೆ ಆಗಿರುತ್ತದೆ. ಪ್ರಿಸರ್ವೇಟಿವ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಲ್ಯಾಬ್ ಬೇಕು. ಅಲ್ಲಿ ಬೇಕೆಂದೇ ಬ್ಯಾಕ್ಟೀರಿಯಾ, ಬೂಷ್ಟು ಬೆರೆಸಿ, ಅವು ಸಾಯುತ್ತವೆಯೇ ಎಂದು ದಿನ ಎಣಿಸಿ ನೋಡುತ್ತಾರೆ.

ಹಾಗಾಗಿ ಮಾರುವ ಆಸೆ ಇರುವವರಿಗೆ ಒಂದು ಕಿವಿಮಾತು: ಮೊದಲು ನಿಮ್ಮ ದೇಶದ ನಿಯಮ ಓದಿ. ಭಾರತದಲ್ಲಿ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಗೆ ಪರವಾನಗಿ ಬೇಕು. ಯುರೋಪಿನಲ್ಲಿ ಮಾರುಕಟ್ಟೆಗೆ ಬಿಡುವ ಮೊದಲೇ ಅರ್ಹರಿಂದ ಸುರಕ್ಷತಾ ವರದಿ ಬೇಕು. ಅಮೆರಿಕ 2022ರಲ್ಲಿ ತನ್ನ ಕಾನೂನನ್ನು ಬಿಗಿ ಮಾಡಿದೆ. ಇವೆಲ್ಲ ನಮ್ಮ ಉತ್ಸಾಹಕ್ಕೆ ಅಡ್ಡಿ ಎಂದು ಅನ್ನಿಸಬಹುದು. ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ಬಂದವಳಿಗೆ ಹಾಗೆ ಅನ್ನಿಸುವುದಿಲ್ಲ.

ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ಮೈಸೂರಿನ ಗಂಧದ ಮರಕ್ಕೆ ಜಗತ್ತಿನಲ್ಲೇ ಹೆಸರು. ಮೊದಲ ಮಹಾಯುದ್ಧದ ಕಾಲದಲ್ಲಿ ಯುರೋಪಿಗೆ ಮರ ಕಳಿಸುವುದು ನಿಂತುಹೋಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರ ಹೊತ್ತಿಗೆ, ಗಂಧದೆಣ್ಣೆಯನ್ನು ಇಲ್ಲೇ ತೆಗೆಯಲು ಶುರು ಮಾಡಿದರು. ಎಣ್ಣೆ ಕೈಯಲ್ಲಿತ್ತು, ಸಾಬೂನು ಮಾಡುವ ಮನಸ್ಸೂ ಇತ್ತು. ಆದರೂ ‘ಹೇಗೋ ಕಲಸಿದರಾಯಿತು’ ಎನ್ನಲಿಲ್ಲ. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರನ್ನು ಕಲಿತು ಬರಲು ಇಂಗ್ಲೆಂಡಿಗೆ ಕಳಿಸಿದರು. ಮುಂದೆ ಜನ ಅವರನ್ನು ಪ್ರೀತಿಯಿಂದ ಸೋಪ್ ಶಾಸ್ತ್ರಿ ಎಂದೇ ಕರೆದರು. ನಿಮ್ಮ ಅಮ್ಮ ಊರಿನಿಂದ ಬರುವಾಗ ಸೂಟ್‌ಕೇಸಿನ ಸಂದಿಯಲ್ಲಿ ತುರುಕಿ ತರುವ ಮೈಸೂರ್ ಸ್ಯಾಂಡಲ್ ಸೋಪಿನ ಹಿಂದೆ ಆ ಕಲಿಕೆ ಇದೆ. ಒಳ್ಳೆಯ ಪದಾರ್ಥ ಇದ್ದ ಮಾತ್ರಕ್ಕೆ ಒಳ್ಳೆಯ ವಸ್ತು ಆಗುವುದಿಲ್ಲ, ನಡುವೆ ಕಲಿಕೆ ಬೇಕು.

ಮತ್ತೆ ಆ ಅಜ್ಜಿಯ ವಿಷಯ. ಗುಣವಾಗಿ ಊರಿಗೆ ಹೋದರು. ಹೊರಡುವ ಮುನ್ನ ನಾನು ಹೋಗಿ ಕಾಲಿಗೆ ನಮಸ್ಕರಿಸಿ, ‘ನನ್ನಿಂದ ತಪ್ಪಾಯಿತು’ ಎಂದೆ. ಅವರು ನಕ್ಕು ಕೇಳಿದರು: ‘ಅಲ್ಲ ಮಗಾ, ಪುಡಿಯನ್ನು ಯಾರಾದರೂ ಕಲಸಿ ಇಡುತ್ತಾರಾ? ನಾನೂ ನೋಡಿದೆ, ಈಗಿನವರದ್ದು ಹೀಗೇ ಇರಬಹುದು ಎಂದುಕೊಂಡೆ.’ ಅವರಿಗೆ ಗೊತ್ತಿತ್ತು. ನಾನು ಓದಿದವಳು ಎಂದು ಕೇಳಲು ಹಿಂಜರಿದರು. ನಾನು ಓದಿದವಳು ಎಂದು ಕೇಳದೇ ಹೋದೆ.

ಮರುವರ್ಷದ ದೀಪಾವಳಿಗೆ ಮತ್ತೆ ಇಪ್ಪತ್ತು ಪೊಟ್ಟಣ ಮಾಡಿದೆ. ಬರೀ ಒಣಪುಡಿ. ಮೇಲೆ ತಾರೀಖು, ಏನೇನಿದೆ ಎಂಬ ಪಟ್ಟಿ, ಕೆಳಗೆ ಮೂರು ಸಾಲು: ‘ಒಂದು ಹಿಡಿ ಮಾತ್ರ ಕಲಸಿ. ಉಳಿದದ್ದು ಚೆಲ್ಲಿ. ಗಾಯ ಇದ್ದಲ್ಲಿ ಹಚ್ಚಬೇಡಿ, ಮೊದಲು ಮುಂಗೈ ಒಳಗೆ ಹಚ್ಚಿ ಒಂದು ದಿನ ನೋಡಿ.’ ‘ಕೆಮಿಕಲ್ ಇಲ್ಲ’ ಎಂದು ಮಾತ್ರ ಬರೆಯಲಿಲ್ಲ.

ಈ ವಾರ ಊರಿಗೆ ಫೋನ್ ಮಾಡಿದಾಗ ನಿಮ್ಮ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಒಂದು ಮಾತು ಕೇಳಿ. ಸ್ನಾನದ ಪುಡಿಗೆ ಏನು ಹಾಕುತ್ತಿದ್ದಿರಿ ಎಂದು ಎಲ್ಲರೂ ಕೇಳುತ್ತಾರೆ. ನೀವು ಅದನ್ನು ಎಲ್ಲಿ ಇಡುತ್ತಿದ್ದಿರಿ, ಎಷ್ಟು ದಿನ ಇಡುತ್ತಿದ್ದಿರಿ, ಯಾವಾಗ ಎಸೆಯುತ್ತಿದ್ದಿರಿ ಎಂದು ಕೇಳಿ. ಉತ್ತರವನ್ನು ಬರೆದಿಟ್ಟುಕೊಳ್ಳಿ. ಒಣಗಿದ ಕೈಯಲ್ಲಿ.